ಅರವತ್ತರ ಮದುವೆಗೆ ಹೆಣ್ಣು ಕೇಳಿದ್ದು

ವಿಜಯದಶಮಿ ಕಳೆದು ಐದಾರು ದಿನವಾಗಿತ್ತು. ಮಳೆ ಹಿಂದೆಗೆದು, ಬೆಳಗಿನ ಹೊತ್ತು ಸ್ಕಂದಗಿರಿಯ ನೆತ್ತಿ ತೊಳೆದಿಟ್ಟ ಹಾಗೆ ಕಾಣುವ ದಿನಗಳು. ಕಳವಾರದ ಶ್ಯಾಮಲಮ್ಮ ಮಗಳು ಪವಿತ್ರಳ ಸ್ಕೂಟರಿನ ಹಿಂದೆ ಕೂತು ಚಿಕ್ಕಬಳ್ಳಾಪುರಕ್ಕೆ ಬಂದಳು. ಮಡಿಲಲ್ಲಿ ಮೇಷ್ಟ್ರಿಗೆಂದು ಒಂದು ಚೀಲ ಸೀಬೆಹಣ್ಣು.

ಗಂಡ ನರಸಿಂಹಪ್ಪನಿಗೆ ಅರವತ್ತು ತುಂಬುತ್ತಿತ್ತು. ಷಷ್ಟಿಪೂರ್ತಿ ಮಾಡಲೇಬೇಕೆಂದು ಪವಿತ್ರ ಹಟ ಹಿಡಿದಿದ್ದಳು. ಅವರ ಮನೆಯಲ್ಲಿ ಹಿಂದೆ ಯಾರೂ ಅದನ್ನು ಮಾಡಿಕೊಂಡವರಲ್ಲ. ಅರವತ್ತಾದರೆ ಆಯಿತು, ಮಾರನೆ ದಿನ ಹಸುವಿಗೆ ಹುಲ್ಲು ತರಬೇಕಿತ್ತು. ಈಚೆಗೆ ಊರಿನ ಮೂರು ಮನೆಗಳಲ್ಲಿ ನಡೆದು, ಪವಿತ್ರ ಮೂರಕ್ಕೂ ಹೋಗಿ ಉಂಡು ಬಂದಿದ್ದಳು. ಮದುವೆಯಾಗಿ ಚಿಕ್ಕಬಳ್ಳಾಪುರ ಸೇರಿ, ಅಲ್ಲಿನ ಶಾಲೆಯೊಂದರಲ್ಲಿ ಟೀಚರಾಗಿದ್ದಳು ಅವಳು. ಏನನ್ನಾದರೂ ಮಾಡಬೇಕು ಅಂದುಕೊಂಡಳೆಂದರೆ ಪಟ್ಟಿ ಬರೆದುಬಿಡುತ್ತಿದ್ದಳು.

ಪಟ್ಟಿಯಲ್ಲಿ ಮೊದಲನೆಯದು ಪುಟ್ಟಸ್ವಾಮಯ್ಯ ಮೇಷ್ಟ್ರು. ಕಳವಾರದ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದವರು, ಈಗ ಎಪ್ಪತ್ತೆಂಟು. ಪಂಚಾಂಗ ನೋಡಿ ದಿನ ಇಟ್ಟುಕೊಡುತ್ತಿದ್ದರು. ಜಗಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಕನ್ನಡಕ, ಅದರ ಪಕ್ಕದಲ್ಲೇ ಅವರು.

"ಹುಟ್ಟಿದ ದಿನ ಹೇಳಮ್ಮ" ಎಂದರು.

ಪವಿತ್ರ ಫೋನಿನಲ್ಲಿ ಅಪ್ಪನ ಆಧಾರ್ ತೋರಿಸಿದಳು. "ಒಂದು, ಆರು, ಅರವತ್ತೈದು."

ಮೇಷ್ಟ್ರು ಫೋನನ್ನು ದೂರ ಹಿಡಿದು ನೋಡಿ ನಕ್ಕರು. "ಇದು ನಾನೇ ಹಾಕಿದ್ದು ಕಣಮ್ಮ. ಆಗ ತಾನೇ ಕೆಲಸಕ್ಕೆ ಸೇರಿದ್ದೆ. ನಿಮ್ಮಪ್ಪನ್ನ ಅವ್ರ ತಾತ ಹೆಗಲ ಮೇಲೆ ಕೂರಿಸ್ಕೊಂಡು ಬಂದಿದ್ರು. ಬಲಗೈನ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟೋ ಅಂದೆ. ಮುಟ್ಟಿದ. ಆರು ವರ್ಷ ಆಯ್ತು ಅಂತ ಬರ್ಕೊಂಡೆ. ತಾರೀಕು ಯಾರಿಗೆ ಗೊತ್ತಿತ್ತು? ಜೂನ್ ಒಂದು ಅಂತ ಹಾಕ್ದೆ. ಅವತ್ತೊಂದೇ ದಿನ ಹನ್ನೊಂದು ಮಕ್ಕಳು ಹುಟ್ಟಿದ್ರು ನಿಮ್ಮೂರಲ್ಲಿ, ಒಬ್ಬ ಸೂಲಗಿತ್ತಿ ಕೈಲಿ!"

"ನಿಮ್ಮಿಂದ ಊರಿಗೂರೇ ಜೆಮಿನಿ, ಮಿಥುನ ರಾಶಿ, ತಾತ" ಎಂದು ಒಳಗಿನಿಂದ ದನಿ ಬಂತು. ಅವರ ಮೊಮ್ಮಗಳು ರಂಜನಿ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ಪವಿತ್ರಳ ಗೆಳತಿ. "ಹನ್ನೊಂದು ಜನಕ್ಕೂ ಒಂದೇ ಭವಿಷ್ಯ. ಒಬ್ಬನಿಗೆ ನೆಗಡಿ ಬಂದ್ರೆ ಎಲ್ರೂ ಸೀನಬೇಕು."

ನಿಜವಾದ ದಿನ ಗೊತ್ತಿದ್ದದ್ದು ಒಬ್ಬರಿಗೇ. ಪವಿತ್ರ ಮನೆಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ನರಸಿಂಹಪ್ಪನ ತಾಯಿ ಅಮ್ಮಾಜಮ್ಮ ಎಂಬತ್ತರ ಮೇಲಿನವಳು. ಫೋನನ್ನು ಬಾಯಿಯ ಮುಂದೆ ಹಿಡಿದು ಹೊಲದಾಚೆಯವರನ್ನು ಕೂಗುವ ಹಾಗೆ ಮಾತಾಡುತ್ತಿದ್ದಳು.

"ನರಸಿಂಹ ಹುಟ್ಟಿದ್ದಾ? ದೀಪಾವಳಿ ಅಮಾಸೆ ಆಗಿ ಮೂರನೇ ದಿನ ಕಣೇ. ಕಡ್ಲೆಕಾಯಿ ಕೀಳ್ತಿದ್ದೆ. ಇನ್ನೂ ಒಂದು ಸಾಲು ಬಾಕಿ ಇತ್ತು, ಇವನಿಗೆ ಆತುರ."

"ಯಾವ ವರ್ಷ ಅಜ್ಜಿ?"

"ಪಾಕಿಸ್ತಾನದೋರ ಜೊತೆ ಯುದ್ಧ ಆಯ್ತಲ್ಲ, ಆ ವರ್ಷ. ಯುದ್ಧ ಮುಗಿದು ತಿಂಗಳಾಗಿತ್ತು, ನಮಗೆ ಆಗ ಗೊತ್ತಾಯ್ತು. ಊರಿಗೆಲ್ಲ ಒಂದೇ ರೇಡಿಯೋ, ಅದೂ ಕೆಟ್ಟಿತ್ತು."

ಮೇಷ್ಟ್ರು ಹಳೆಯ ಪಂಚಾಂಗ, ಹೊಸ ಪಂಚಾಂಗ ಎರಡನ್ನೂ ಮಗ್ಗುಲಲ್ಲಿಟ್ಟುಕೊಂಡು ಬೆರಳು ಮಡಿಚಿದರು. "ಸರಿಹೋಯ್ತು. ಆಗಲೂ ವಿಶ್ವಾವಸು, ಈಗಲೂ ವಿಶ್ವಾವಸು. ಅರವತ್ತು ವರ್ಷ ಸುತ್ತಿ ಅದೇ ಸಂವತ್ಸರ ವಾಪಸ್ ಬಂದದೆ. ಕಾರ್ತಿಕ ಶುದ್ಧ ತದಿಗೆ, ಅನುರಾಧ ನಕ್ಷತ್ರ. ಶುಕ್ರವಾರ ಬೀಳ್ತದೆ. ಹೋಮ, ಆಯುಷ್ಯ ಶಾಂತಿ, ಆಮೇಲೆ ಮಾಂಗಲ್ಯ ಕಟ್ಟೋದು. ಒಟ್ನಲ್ಲಿ ಇನ್ನೊಂದು ಮದುವೆ ಅಂದ್ಕೊ."

ಮುಹೂರ್ತ ಬರೆದುಕೊಡಲು ಅವರಿಗೆ ಇನ್ನೂ ಹೊತ್ತು ಬೇಕಿತ್ತು. ಅಷ್ಟರಲ್ಲಿ ರಂಜನಿ ಕಾಫಿ ತಂದಳು, ಇನ್ನೊಂದು ಕೈಯಲ್ಲಿ ಜನ ಭವಿಷ್ಯ ಕೇಳುವ ಒಂದು ಕಟ್ಟು ಟ್ಯಾರೋ ಚಿತ್ರದ ಕಾರ್ಡು. ರಜೆಯ ದಿನ ಗೆಳತಿಯರು ಬಂದರೆ ಅದನ್ನು ಹರಡಿಕೊಂಡು ಕೂರುವುದು ಅವಳ ಅಭ್ಯಾಸ. ತಾತನಿಗೂ ಮೊಮ್ಮಗಳಿಗೂ ಈ ವಿಷಯದಲ್ಲಿ ದಿನವೂ ಒಂದಿಷ್ಟು ಜಗಳ.

"ನಂದು ಲೆಕ್ಕ, ಅವಳದು ಬೊಂಬೆ" ಎಂದರು ಮೇಷ್ಟ್ರು, ತಲೆ ಎತ್ತದೆ.

"ತಾತನ್ನ ಕೇಳಿದ್ರೆ ಯಾವಾಗ ಅಂತ ಹೇಳ್ತಾರೆ ಆಂಟಿ. ನನ್ನ ಕೇಳಿದ್ರೆ ನಾನು ನಿಮ್ಮನ್ನೇ ತಿರುಗಿ ಕೇಳ್ತೀನಿ. ಮುಂದೆ ಏನಾಗತ್ತೆ ಅಂತ ಇದರಲ್ಲಿ ಇಲ್ಲ. ಚಿತ್ರ ನೋಡ್ಬೇಕು, ಏನನ್ಸತ್ತೋ ಹೇಳ್ಬೇಕು. ಒಂದು ತೆಗೀರಿ."

"ನಂಗ್ಯಾಕಮ್ಮ ಇವೆಲ್ಲ" ಎನ್ನುತ್ತಲೇ ಶ್ಯಾಮಲಮ್ಮ ಒಂದನ್ನು ಎಳೆದಳು. ಮರದ ಕೆಳಗೆ ಕೈಕಟ್ಟಿ ಕೂತ ಒಬ್ಬ ಮನುಷ್ಯ. ಮುಂದೆ ಹುಲ್ಲಿನ ಮೇಲೆ ಮೂರು ಲೋಟ. ಮೋಡದೊಳಗಿಂದ ಒಂದು ಕೈ ಬಂದು ನಾಲ್ಕನೆಯ ಲೋಟ ಚಾಚಿದೆ. ಅವನು ಆ ಕಡೆ ನೋಡುತ್ತಲೇ ಇಲ್ಲ.

"ಟೀ ಕೊಟ್ರೆ ಬೇಡ ಅಂತವ್ನೆ. ಶುಗರ್ ಇರಬೇಕು" ಎಂದಳು ಶ್ಯಾಮಲಮ್ಮ.

ಪವಿತ್ರ ಕಾಫಿ ಚೆಲ್ಲಿಕೊಂಡಳು. ರಂಜನಿಯೂ ನಕ್ಕು, "ಯಾರ ಥರ ಕಾಣ್ತಾನೆ ಆಂಟಿ?" ಎಂದಳು.

"ಇನ್ಯಾರು, ನಮ್ಮ ಮನೆಯವ್ರು. ಮುಂದೆ ಇಟ್ಟಿದ್ದು ಕಾಣಲ್ಲ."

"ಸರಿ. ಆ ಕೈ ಯಾರದ್ದು?"

ಶ್ಯಾಮಲಮ್ಮ ಆ ಮೋಡದ ಕೈಯನ್ನು ಮತ್ತೊಮ್ಮೆ ನೋಡಿದಳು. ಕಾರ್ಡನ್ನು ಹಾಗೇ ವಾಪಸು ಕೊಟ್ಟಳು. ರಂಜನಿ ಒತ್ತಾಯ ಮಾಡಲಿಲ್ಲ, ಕಾರ್ಡು ಜೋಡಿಸಿಕೊಳ್ಳುತ್ತಾ ತಮಾಷೆಗೆ ಕೇಳಿದಳು: "ಹೋಗ್ಲಿ, ಎರಡನೇ ಸಲ ಮದುವೆ ಆಗ್ತಿದೀರಲ್ಲ. ಈ ಸಲ ನೀವು ಒಪ್ಕೊಂಡಿದೀರಾ?"

ಎಲ್ಲರೂ ನಕ್ಕರು. ಶ್ಯಾಮಲಮ್ಮನೂ ನಕ್ಕಳು.

ಆ ನಗು ಸ್ಕೂಟರು ಊರು ದಾಟುವವರೆಗೂ ಉಳಿಯಲಿಲ್ಲ. ಹೋದ ಸಲವೂ ಅವಳನ್ನು ಯಾರೂ ಕೇಳಿರಲಿಲ್ಲ. ಆಗ ಅವಳಿಗೆ ಹತ್ತೊಂಬತ್ತು. ನಗರಗೆರೆಯ ತೌರುಮನೆಯಲ್ಲಿ ಅಪ್ಪ ಹೊಲದಿಂದ ಬಂದು, ಕಾಲು ತೊಳೆದು, "ಆಯ್ತು, ಕಳವಾರಕ್ಕೆ" ಎಂದಿದ್ದರು. ಹಸು ಮಾರಿದಾಗಲೂ ಅದೇ ದನಿಯಲ್ಲಿ ಹೇಳುತ್ತಿದ್ದರು. ಅದರಲ್ಲಿ ಕೇಡೇನೂ ಇರಲಿಲ್ಲ. ಕೊಟ್ಟ ಮನೆ ಒಳ್ಳೆಯದು, ಗಂಡ ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಹೆಣ್ಣಾಯಿತೆಂದು ಮುಖ ಸಿಂಡರಿಸಿದವನೂ ಅಲ್ಲ. ಆದರೆ ಹೆರಿಗೆಗೆಂದು ತೌರಿಗೆ ಹೋಗಿ ಐದು ತಿಂಗಳಿಗೆ ಕೂಸು ಎತ್ತಿಕೊಂಡು ಬಂದರೆ, ಅವಳು ಸೊಪ್ಪು ಬಿಡಿಸುತ್ತಿದ್ದ ಹಿಪ್ಪುನೇರಳೆ ತೋಟ ಇರಲಿಲ್ಲ. ಅಲ್ಲಿ ಕಲ್ಲುಕಂಬ ನಿಂತು, ತಂತಿ ಎಳೆದು, ದ್ರಾಕ್ಷಿ ಸಸಿ ನೆಟ್ಟಾಗಿತ್ತು. "ಹೇಳಲೇ ಇಲ್ಲವಲ್ಲ" ಎಂದದ್ದಕ್ಕೆ ನರಸಿಂಹಪ್ಪ ಆಶ್ಚರ್ಯಪಟ್ಟು ನೋಡಿದ್ದ. "ಹೇಳೋದೇನು, ಕಾಣ್ತದಲ್ಲ."

ಮೂವತ್ತೆಂಟು ವರ್ಷ ಅವನು ಹಾಗೆಯೇ ಬಾಳಿದ್ದ.

ಅಂದು ಸಂಜೆಯಿಂದ ಶ್ಯಾಮಲಮ್ಮ ಒಂದು ಕೆಲಸ ಹಚ್ಚಿಕೊಂಡಳು. ಗಂಡ ಕೇಳುವ ಪ್ರಶ್ನೆಗಳನ್ನು ಗಮನಿಸತೊಡಗಿದಳು. "ಕತ್ತರಿ ಎಲ್ಲಿಟ್ಟೆ?" "ಕರೆಂಟ್ ಬಂತಾ?" "ಯಾರದು ಬಂದಿದ್ದು?" "ಕರು ಕಟ್ಟಿದ್ಯಾ?" ಹಾಲು ಕರೆಯುವಾಗ, ಚೆಂಡುಹೂ ಬಿಡಿಸುವಾಗ ಕಿವಿಯನ್ನು ಆ ಕಡೆಗೇ ಇಟ್ಟುಕೊಂಡಿದ್ದಳು. ಎರಡು ದಿನ ಕಳೆದರೂ ತನ್ನನ್ನು ಕುರಿತ ಒಂದು ಪ್ರಶ್ನೆಯೂ ಸಿಗಲಿಲ್ಲ. "ಊಟ ಆಯ್ತಾ" ಎಂದು ಮಾತ್ರ ಕೇಳಿದ್ದ. ಅದನ್ನು ಅವನು ದಾರಿಹೋಕರನ್ನೂ ಕೇಳುತ್ತಿದ್ದ.

ಮೂರನೆಯ ದಿನ ಪವಿತ್ರಳ ಫೋನು ಬಂತು. "ಅಮ್ಮ, ಸೀರೆ ಅಂಗಡೀಲಿದೀನಿ. ಹಸಿರೋ, ನೇರಳೆಯೋ?"

"ತಾಳೇ. ನಾನು ಕೂರೋದೇ ಇನ್ನೂ ಗೊತ್ತಿಲ್ಲ."

"ಎಲ್ಲಿ ಕೂರೋದು?"

"ಹಸೆಮಣೆ ಮೇಲೆ. ನನ್ನನ್ಯಾರು ಕೇಳಿದ್ರು?"

ಪವಿತ್ರ ಅಂಗಡಿಯ ಗದ್ದಲದಿಂದ ಹೊರಗೆ ಬಂದಳು. "ಏನಮ್ಮ ನೀನು! ನೂರಿಪ್ಪತ್ತು ಜನಕ್ಕೆ ವಾಟ್ಸಾಪಲ್ಲಿ ಕರೆಯೋಲೆ ಕಳಿಸಿ ಆಯ್ತು."

"ಕಳಿಸಿದೋರನ್ನೇ ಕೂರಿಸು."

"ಜಗಳ ಆಯ್ತಾ ಅಪ್ಪನ ಹತ್ರ?"

"ಜಗಳ ಯಾಕೆ ಆಡ್ಲಿ? ನಿಮ್ಮಪ್ಪ ಬಂದು, ಹೀಗೆ ಮದುವೆ ಅದೆ, ನನ್ನ ಪಕ್ಕ ಕೂತ್ಕೋತೀಯಾ ಅಂತ ಒಂದು ಮಾತು ಕೇಳ್ಲಿ. ಆಮೇಲೆ ನೋಡಣ."

"ಕೇಳಿದ್ರೆ ಹೂಂ ಅಂತೀಯಲ್ಲ?"

"ಅದು ಕೇಳಿದ್ಮೇಲೆ."

ಸುದ್ದಿ ಚಿಕ್ಕಬಳ್ಳಾಪುರದಿಂದ ಕಳವಾರಕ್ಕೆ ವಾಪಸು ಬಂದು ನರಸಿಂಹಪ್ಪನನ್ನು ದ್ರಾಕ್ಷಿ ಚಪ್ಪರದಡಿ ಮುಟ್ಟಿತು. ಮಧ್ಯಾಹ್ನ ಅವನು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಪವಿ ಏನೋ ಅಂದ್ಲು."

"ಏನಂದ್ಲು?"

"ಏನೋ."

ಬಾಗಿಲ ಚೌಕಟ್ಟಿನ ಗೆದ್ದಲು ಹಿಡಿದ ಜಾಗವನ್ನು ಉಗುರಿನಿಂದ ಕೆರೆದು, ಹಸುವಿಗೆ ನೀರು ಕುಡಿಸಲು ಹೋದ.

ಮಾರನೆಯ ಬೆಳಿಗ್ಗೆ ಪಕ್ಕದ ತೋಟದ ಚೆನ್ನರಾಯಪ್ಪ ಬಂದು ಜಗಲಿಯ ಮೇಲೆ ಕೂತ. ಕಾಫಿ ಕುಡಿದ. ಮಳೆ ಹೋದದ್ದರ ಬಗ್ಗೆ ಮಾತಾಡಿದ, ಬೆಟ್ಟಕ್ಕೆ ಬರುವ ಬೆಂಗಳೂರಿನ ಹುಡುಗರು ತನ್ನ ಹೊಲದಲ್ಲಿ ಗಾಡಿ ನಿಲ್ಲಿಸುವುದರ ಬಗ್ಗೆಯೂ ಮಾತಾಡಿದ. ಕೊನೆಗೆ ಲೋಟ ಕೆಳಗಿಟ್ಟು, "ಅತ್ತಿಗೆ, ಶುಕ್ರವಾರದ ವಿಷಯ... ನಮ್ಮಣ್ಣ ಕೇಳ್ಕೊಂಡು ಬಾ ಅಂದ" ಎಂದ.

"ಮದುವೆ ನಿಮ್ಮ ಜೊತೇನಾ ಚೆನ್ನರಾಯಪ್ಪ?"

ಚೆನ್ನರಾಯಪ್ಪ ಟವೆಲು ಬಾಯಿಗೆ ಒತ್ತಿಕೊಂಡು ಎದ್ದೇ ಹೋದ. ಬೇಲಿ ದಾಟಿದ ಮೇಲೂ ಅವನ ನಗು ಕೇಳುತ್ತಿತ್ತು.

ಮುಂದಿನ ಸರದಿ ಅಮ್ಮಾಜಮ್ಮನದು. ಅವಳು ಕೋಲೂರಿಕೊಂಡು ಬಂದು ಒಲೆಯ ಪಕ್ಕ ಕೂತಳು.

"ನನ್ನ ಕಳಿಸವ್ನೆ ನಿನ್ನ ಗಂಡ, ಕೇಳು ಅಂತ."

"ಕೇಳಿ ಅತ್ತೆ."

"ನಾನ್ಯಾಕೆ ಕೇಳ್ಳಿ? ಅವರಪ್ಪ ನನ್ನ ಕೇಳಿದ್ರಾ? ಕಡ್ಲೆಕಾಯಿ ಕೀಳ್ತಾ ಇದ್ದಾಗ ನೋವು ಬಂದರೂ ಆ ಸಾಲು ಮುಗಿಸು ಅಂದಿದ್ರು ಮಹಾರಾಯರು." ಅಮ್ಮಾಜಮ್ಮ ದನಿ ತಗ್ಗಿಸಿದಳು. ತಗ್ಗಿಸಿದ ದನಿಯೂ ಬೀದಿಗೆ ಕೇಳಿಸಿತು. "ನೀನು ಬಿಡಬೇಡ ಕಣೇ ಶ್ಯಾಮ್ಲ. ಕೇಳ್ಳಿ. ನಾನೂ ನೋಡ್ಬೇಕು ಅದನ್ನ. ಏಮಂಟಾವು, ಏನಂತೀಯಾ?"

ತೆಲುಗಿಗೆ ಹೊರಳಿದರೆ ಅತ್ತೆ ನಿಜವಾಗಿ ಹೇಳುತ್ತಿದ್ದಾಳೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಹೊರಗಿನಿಂದ ಇದು ತಮಾಷೆಯಾಗಿ ನಡೆಯುತ್ತಿದ್ದರೂ, ಶ್ಯಾಮಲಮ್ಮನಿಗೆ ಒಳಗೊಳಗೇ ಒಂದು ಅಳುಕು ಹುಟ್ಟಿತ್ತು. ಅವನು ಬಂದು ಕೇಳಿಯೇಬಿಟ್ಟರೆ? ಕೇಳಲಿ ಎಂದು ಹಟ ಹಿಡಿದವಳು, ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಇದೂ ಆ ಕಾರ್ಡಿನ ಲೋಟದ ಹಾಗೆಯೇ ಎನಿಸಿತು. ಗಂಡನೇ ಆ ಮರದಡಿಯವನು ಅಂದುಕೊಂಡಿದ್ದಳು. ಕೈಕಟ್ಟಿ ಕೂತವಳು ತಾನೂ ಆಗಿರಬಹುದು. ಮೂವತ್ತೆಂಟು ವರ್ಷದಲ್ಲಿ ನನಗೆ ಇದು ಬೇಕು, ಇದು ಬೇಡ ಎಂದು ಅವಳು ತಾನಾಗಿ ಎಷ್ಟು ಸಲ ಹೇಳಿದ್ದಳು?

ಹೂ ಬಿಡಿಸುತ್ತಾ ಅವಳು ಪ್ರಾಮಾಣಿಕವಾಗಿ ತೂಗಿ ನೋಡಿದಳು. ಒಂದು ಕಡೆ ಕಿತ್ತುಹಾಕಿದ ಹಿಪ್ಪುನೇರಳೆ. ಅವಳನ್ನು ಕೇಳದೆ ಕೊಟ್ಟ ಎಮ್ಮೆ. ಅವಳನ್ನು ಬಿಟ್ಟು ನೋಡಿಬಂದ ಮಗಳ ಗಂಡಿನ ಮನೆ. ಇನ್ನೊಂದು ಕಡೆ, ಟೈಫಾಯ್ಡ್ ಬಂದು ಹನ್ನೊಂದು ದಿನ ಮಲಗಿದ್ದಾಗ ಅವನೇ ಮಾಡಿ ಹಾಕಿದ ಗಂಜಿ. ಗಂಜಿ ತಳ ಹಿಡಿದಿರುತ್ತಿತ್ತು. ಅವನು ಲೋಟ ಹಿಡಿದುಕೊಂಡು, ಅವಳು ಕುಡಿದು ಮುಗಿಸುವವರೆಗೂ ನಿಂತಿರುತ್ತಿದ್ದ. ತಕ್ಕಡಿ ಯಾವ ಕಡೆಗೂ ಪೂರ್ತಿ ಬಾಗಲಿಲ್ಲ. ಕೂರುವುದಿಲ್ಲ ಎಂದು ಹೇಳುವುದಕ್ಕೂ ತನಗೆ ಅಧಿಕಾರವಿದೆ ಎಂಬುದು ಮೊದಲ ಸಲ ಹೊಳೆದು, ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕುವುದು ಮರೆತಳು.

ದೀಪಾವಳಿಗೆ ಮೂರು ದಿನ ಇತ್ತು. ಪವಿತ್ರ ದಿನಕ್ಕೆ ನಾಲ್ಕು ಸಲ ಫೋನು ಮಾಡಿ, ಪ್ರತಿ ಸಲವೂ "ಏನಾದ್ರೂ ಆಯ್ತಾ?" ಎನ್ನುತ್ತಿದ್ದಳು. ಬೆಳಿಗ್ಗೆ ನರಸಿಂಹಪ್ಪ ಬಿಳಿ ಅಂಗಿ ಹಾಕಿಕೊಂಡು, ಎಲ್ಲಿಗೆಂದು ಹೇಳದೆ ಹೊರಟ. ಶ್ಯಾಮಲಮ್ಮ ಕೇಳಲಿಲ್ಲ.

ಅವನು ವಾಪಸು ಬಂದಾಗ ಬಿಸಿಲು ಹೊರಳಿತ್ತು. ಅದು ದ್ರಾಕ್ಷಿ ಸವರುವ ಕಾಲ. ಮಳೆ ನಿಂತ ಮೇಲೆ ಬಳ್ಳಿಯ ಹಳೆ ಕಡ್ಡಿಗಳನ್ನು ನಾಲ್ಕೈದು ಕಣ್ಣು ಬಿಟ್ಟು ಕತ್ತರಿಸಿದರೆ, ಆ ಕಣ್ಣಲ್ಲಿ ಹೊಸ ಚಿಗುರೊಡೆದು ಬೇಸಿಗೆಗೆ ಹಣ್ಣು. ಅವನು ಕತ್ತರಿಸಿ ಬಿಟ್ಟುಹೋಗಿದ್ದ ಕಡ್ಡಿಗಳನ್ನು ಶ್ಯಾಮಲಮ್ಮ ಚಪ್ಪರದಡಿ ಆಯ್ದು ಹೊರೆ ಮಾಡುತ್ತಿದ್ದಳು. ನರಸಿಂಹಪ್ಪ ಬಿಳಿ ಅಂಗಿಯಲ್ಲೇ ಬಂದು, ತಂತಿಗೆ ಸಿಕ್ಕಿಸಿದ್ದ ಕತ್ತರಿ ತೆಗೆದುಕೊಂಡು, ಒಂದು ಕಡ್ಡಿ ಕತ್ತರಿಸಿದ. ಎರಡನೆಯದಕ್ಕೆ ಕೈ ಹಾಕಿ ನಿಲ್ಲಿಸಿದ.

"ಮೇಷ್ಟ್ರ ಹತ್ರ ಹೋಗಿದ್ದೆ."

"ಹೂಂ."

"ಶಾಸ್ತ್ರದಲ್ಲಿ ಏನಾದ್ರೂ ಅದಾ, ಕೇಳಬೇಕು ಅಂತ, ವಿಚಾರಿಸಣ ಅಂತ ಹೋದೆ. ಅವತ್ತು ಅವ್ಳಪ್ಪ ಧಾರೆ ಎರೆದು ಕೊಟ್ರು, ಈಗ ಅವ್ರಿಲ್ಲ, ಹೆಣ್ಣು ಕೊಡಿ ಅಂತ ಯಾರನ್ನ ಕೇಳ್ತೀಯೋ ಅಂದ್ರು ಮೇಷ್ಟ್ರು. ನಾನು ತಲೆ ಕೆರ್ಕೊಂಡೆ. ಇದನ್ನೂ ನಾನೇ ಬರೆದುಕೊಡ್ಬೇಕೇನೋ, ಜೂನ್ ಒಂದು ಅಂತ, ಅಂತ ಬೈದ್ರು."

ಶ್ಯಾಮಲಮ್ಮ ನಗು ತಡೆದುಕೊಂಡು ಕಡ್ಡಿ ಆಯ್ದಳು.

"ಆ ಹುಡುಗಿ ಇದಾಳಲ್ಲ, ರಂಜನಿ, ಅವಳು ಒಂದು ಕಾರ್ಡು ತೆಗೆಸಿದ್ಲು. ಅದ್ರಲ್ಲಿ ಒಬ್ಬನ್ನ ಕಾಲು ಕಟ್ಟಿ ತಲೆಕೆಳಗೆ ನೇತಾಕವ್ರೆ. ಏನು ಕಾಣ್ತದೆ ಅಂಕಲ್ ಅಂದ್ಲು. ನೇತಾಕಿದ್ರೂ ಮುಖದಲ್ಲಿ ಸಿಟ್ಟಿಲ್ಲ ಕಣಮ್ಮ ಅಂದೆ. ಯಾಕಿಲ್ಲ ಅಂದ್ಲು." ನರಸಿಂಹಪ್ಪ ಕತ್ತರಿಯ ಬಾಯಿ ತೆರೆದು ಮುಚ್ಚಿದ. "ಗೊತ್ತಿಲ್ಲ, ಅಭ್ಯಾಸ ಆಗಿರಬೇಕು ಅಂದೆ. ಅಂದ್ಮೇಲೆ ಅಲ್ಲಿ ಕೂರೋಕಾಗ್ಲಿಲ್ಲ. ಕಾಫೀನೂ ಕುಡೀದೆ ಬಂದೆ."

"ಯಾಕೆ?"

"ನೀನು ಕಣ್ಣ ಮುಂದೆ ಬಂದೆ."

ಚಪ್ಪರದ ಎಲೆಗಳ ಸಂದಿನಿಂದ ಬಿಸಿಲು ಅವನ ಅಂಗಿಯ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ಶ್ಯಾಮಲಮ್ಮ ಹೊರೆಯನ್ನು ಕೆಳಗಿಟ್ಟಳು. ನರಸಿಂಹಪ್ಪ ಅವಳ ಮುಖ ನೋಡಿದ, ಅತ್ತ ಚೆನ್ನರಾಯಪ್ಪನ ಬೇಲಿ ನೋಡಿದ, ಯಾರೂ ಇಲ್ಲದ್ದು ಖಾತ್ರಿ ಮಾಡಿಕೊಂಡ.

"ಶುಕ್ರವಾರ ನನ್ನ ಪಕ್ಕ ಕೂತ್ಕೋತೀಯಾ, ಶ್ಯಾಮ್ಲ?"

ಹೆಸರು ಹಿಡಿದು ಕರೆದದ್ದು ಅವನಿಗೇ ಹೊಸದಾಗಿ ಕೇಳಿಸಿರಬೇಕು, ಕಿವಿ ಕೆಂಪಾದವು.

"ಯೋಚ್ನೆ ಮಾಡಿ ಹೇಳ್ತೀನಿ."

"ಎಷ್ಟು ದಿನ?"

"ನೀವು ಮೂವತ್ತೆಂಟು ವರ್ಷ ತಗೊಂಡ್ರಿ."

"ಮುಹೂರ್ತ ಶುಕ್ರವಾರ ಕಣೇ" ಎಂದ, ನಿಜವಾದ ಆತಂಕದಿಂದ.

"ಗೊತ್ತು. ಅನುರಾಧ ನಕ್ಷತ್ರ."

ಅವಳು ಹೊರೆ ಬಿಟ್ಟು ಸಾಲಿನ ಉದ್ದಕ್ಕೂ ನಡೆದಳು. ಹಿಂದೆ ಕತ್ತರಿಯ ಸದ್ದು ಬರಲಿಲ್ಲ, ಅವನು ನಿಂತೇ ಇದ್ದ. ಸಾಲಿನ ಕೊನೆಯ ಕಲ್ಲುಕಂಬದವರೆಗೆ ಹೋಗಿ ಅವಳು ಅದಕ್ಕೆ ಕೈಯಿಟ್ಟು ನಿಂತಳು. ಇಲ್ಲ ಅನ್ನಬಹುದಿತ್ತು. ಇಲ್ಲ ಅಂದರೆ ಏನಾಗುತ್ತದೆಂದು ನೂರಿಪ್ಪತ್ತು ಜನರ ಮುಖ ನೆನೆದಳು. ಅದರಿಂದ ಹೆದರಿಕೆಯಾಗಲಿಲ್ಲ. ಅಲ್ಲಿಂದ ತಿರುಗಿ ನೋಡಿದರೆ, ಅರವತ್ತಾದ ಮನುಷ್ಯನೊಬ್ಬ ಹಬ್ಬದ ಅಂಗಿ ಹಾಕಿಕೊಂಡು ಕತ್ತರಿ ಹಿಡಿದು, ಅವಳ ಉತ್ತರ ಏನೆಂದು ತಿಳಿಯದೆ, ಮೊದಲ ಸಲ ತಿಳಿಯದೆ, ಕಾಯುತ್ತಿದ್ದ. ಹತ್ತೊಂಬತ್ತರಲ್ಲಿ ಇವನು ಹೀಗೆ ಬಂದು ಕೇಳಿದ್ದರೆ ಏನನ್ನುತ್ತಿದ್ದೆ ಎಂದು ಕೇಳಿಕೊಂಡಳು. ನಾಚಿಕೆಯಾಯಿತು. ಉತ್ತರ ಅದರೊಳಗೇ ಇತ್ತು.

ವಾಪಸು ನಡೆದು ಬಂದಳು.

"ಕೂರ್ತೀನಿ. ಆದ್ರೆ ಕೇಳೋದು ಇದೊಂದೇ ಸಲ ಅಂದ್ಕೋಬೇಡಿ. ಚಪ್ಪರ ಕಿತ್ರೂ ಕೇಳ್ಬೇಕು, ಹಸು ತಂದ್ರೂ ಕೇಳ್ಬೇಕು."

"ಹೂಂ."

"ನಾನೂ ಬಾಯಿಬಿಟ್ಟು ಹೇಳ್ತೀನಿ. ಆಮೇಲೆ ಇವಳಿಗೇನಾಯ್ತು ಅನ್ಬಾರ್ದು."

"ಇಲ್ಲ" ಎಂದ. ಉಸಿರು ಬಿಟ್ಟು, ಪವಿಗೆ ಹೇಳಬೇಕೆಂದು ಜೇಬಿನಿಂದ ಫೋನು ತೆಗೆದ, ಮತ್ತೆ ಒಳಗಿಟ್ಟ. "ಪವಿಗೆ ನೀನು ಹೇಳ್ತೀಯಾ, ನಾನು ಹೇಳ್ಳಾ?"

"ನೀವೇ ಹೇಳಿ."

ಹೇಳಿದ. ಆ ಕಡೆಯಿಂದ ಬಂದ ಕಿರುಚಾಟಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿದ. ಆಮೇಲೆ ಅಂಗಿಯ ತೋಳು ಮಡಿಚಿಕೊಂಡು ಕೆಲಸಕ್ಕೆ ನಿಂತ. ಮುಂದಿನ ಬಳ್ಳಿಯ ಕಡ್ಡಿ ಹಿಡಿದು, ಕಣ್ಣು ಎಣಿಸಿ, ಕತ್ತರಿ ತಂದವನು ತಡೆದು ಅವಳ ಕಡೆ ತಿರುಗಿದ.

"ಇದನ್ನ ನಾಲ್ಕು ಕಣ್ಣಿಗೆ ಬಿಡ್ಲಾ, ಐದಕ್ಕಾ?"

"ಅಯ್ಯೋ, ಅದು ನಿಮಗೆ ಗೊತ್ತಿಲ್ವಾ? ಸುಮ್ನೆ ಕತ್ತರ್ಸಿ" ಎಂದಳು ಶ್ಯಾಮಲಮ್ಮ, ಹೊರೆಗೆ ಹಗ್ಗ ಹಾಕುತ್ತಾ. ಎರಡು ಹೆಜ್ಜೆ ಹೋದವಳು ನಿಂತು, ಕತ್ತು ಎತ್ತಿ ಆ ಕಡ್ಡಿ ನೋಡಿದಳು.

"ಐದಕ್ಕೆ ಬಿಡಿ."